ಸೇವ್ ಮಾಡಿದ ಫೈಲು ಎಲ್ಲಿ ಹೋಯಿತು?

ಮಂಡ್ಯದಲ್ಲಿ ನನ್ನದೊಂದು ಸಣ್ಣ ತೆರಿಗೆ ಸಲಹಾ ಕಚೇರಿ ಇದೆ. ಹಾರ್ಡ್‌ವೇರ್ ಅಂಗಡಿಗಳು, ಎರಡು ಅಕ್ಕಿ ಗಿರಣಿ, ಪಶು ಆಹಾರದ ವ್ಯಾಪಾರಿಗಳು, ಬೆಲ್ಲವನ್ನು ಪೊಟ್ಟಣ ಕಟ್ಟಿ ಮಾರುವ ಒಬ್ಬರು, ಬಿಲ್ಲು ಕೇಳಿದಾಗಲೆಲ್ಲ ಊರಲ್ಲಿರದ ಕೆಲವು ರಸ್ತೆ ಗುತ್ತಿಗೆದಾರರು ನಮ್ಮ ಗ್ರಾಹಕರು. ಇವರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನಮ್ಮ ಕೆಲಸ. ವರ್ಷಕ್ಕೆ ಇಬ್ಬರು ಮೂವರು ಹೊಸಬರನ್ನು ಸೇರಿಸಿಕೊಳ್ಳುತ್ತೇನೆ. ಬರುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಮಕ್ಕಳು, ಬಿ.ಕಾಂ. ಮುಗಿಸಿದವರು, ಕಬ್ಬು ಭತ್ತ ಬೆಳೆಯುವ ಮನೆಯವರು. ಅವರ ಅಂಕಪಟ್ಟಿ ನೋಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಅದರ ಬದಲು ಒಂದು ಫೈಲು ಕೊಟ್ಟು ಕೂರಿಸುತ್ತೇನೆ.

ಫೈಲಿನಲ್ಲಿ ಎರಡು ಹಾಳೆ. ಒಂದರಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಒಂದು ತಿಂಗಳ ಖರೀದಿ ಪಟ್ಟಿ, ಸುಮಾರು ಇನ್ನೂರು ಸಾಲು: ಸಿಮೆಂಟು, ಪೈಪು, ಬಣ್ಣ, ಮೊಳೆ. ಇನ್ನೊಂದರಲ್ಲಿ ಅದೇ ತಿಂಗಳಿಗೆ ಜಿಎಸ್‌ಟಿ ಪೋರ್ಟಲ್ ಸಿದ್ಧಪಡಿಸಿದ ಜಿಎಸ್‌ಟಿಆರ್-2ಬಿ, ಅಂದರೆ ಈ ಅಂಗಡಿಗೆ ಮಾಲು ಮಾರಿದವರು ತಾವಾಗಿ ಸರ್ಕಾರಕ್ಕೆ ತೋರಿಸಿದ ಬಿಲ್ಲುಗಳ ಪಟ್ಟಿ. ಪ್ರಶ್ನೆ ಒಂದೇ. ನಮ್ಮ ಪುಸ್ತಕದಲ್ಲಿದ್ದು 2ಬಿಯಲ್ಲಿ ಕಾಣದ ಬಿಲ್ಲುಗಳು ಯಾವುವು? ಪಟ್ಟಿ ಮಾಡಿ ನನಗೆ ಇಮೇಲ್ ಕಳಿಸಬೇಕು. ಸಮಯ ಒಂದು ಗಂಟೆ.

ಕಳೆದ ಸಲ ಬಂದ ಹುಡುಗನಿಗೆ ಶೇ 84 ಅಂಕ ಬಂದಿತ್ತು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಜಮೆ) ಎಂದರೇನು ಎಂದು ಕೇಳಿದರೆ ಸೆಕ್ಷನ್ ಸಮೇತ ಒಪ್ಪಿಸಿದ, ಒಂದು ಪದ ತಪ್ಪಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಹತ್ತು ನಿಮಿಷವಾದ ಮೇಲೆ ‘ಸಾರ್, ಇದನ್ನು ಪ್ರಿಂಟ್ ತೆಗೆದುಕೊಳ್ಳಲೇ?’ ಎಂದ. ಕೊಡಿಸಿದೆ. ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲಿನಿಂದ ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋದ. ಮೊತ್ತ ಕೂಡಲು ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದ. ಗಂಟೆ ಮುಗಿದಾಗ ನಲವತ್ತು ಸಾಲು ಆಗಿತ್ತು. ಆದಷ್ಟನ್ನು ಟೈಪ್ ಮಾಡಪ್ಪ ಎಂದೆ. ಮಾಡಿದ. ‘ಸೇವ್ ಮಾಡಿದೆ ಸಾರ್’ ಎಂದ. ಎಲ್ಲಿ ಎಂದು ಕೇಳಿದರೆ ಪರದೆಯೆಲ್ಲ ಹುಡುಕಿದ, ಸಿಗಲಿಲ್ಲ. ಕೊನೆಗೆ ಇನ್ನೊಮ್ಮೆ ಟೈಪ್ ಮಾಡಿ, ಪರದೆಯ ಫೋಟೊ ಹಿಡಿದು ನನ್ನ ವಾಟ್ಸ್ಆ್ಯಪ್‌ಗೆ ಕಳಿಸಿದ. ಇಮೇಲ್ ವಿಳಾಸ ಅವನಿಗೂ ಇತ್ತು. ಅದರ ಪಾಸ್‌ವರ್ಡ್ ಮಾತ್ರ ಅವನ ಪರೀಕ್ಷೆಯ ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರಿನವನ ಬಳಿ ಇತ್ತು.

ನಗಲಿ ಎಂದು ಇದನ್ನು ಬರೆಯುತ್ತಿಲ್ಲ. ಪೆನ್ಸಿಲಿನಿಂದ ಅವನು ಹಾಕಿದ ನಲವತ್ತು ಗುರುತುಗಳೂ ಸರಿಯಾಗಿದ್ದವು. ಹುಡುಗ ಜಾಣ, ಕಷ್ಟಪಡಲು ಹಿಂಜರಿಯುವವನಲ್ಲ. ಮೂರು ವರ್ಷ ಕಾಲೇಜಿಗೆ ಹೋಗಿ ಬಂದವನಿಗೆ ಆ ನಲವತ್ತನ್ನು ಇನ್ನೂರು ಮಾಡುವ ದಾರಿಯನ್ನು ಯಾರೂ ತೋರಿಸಿರಲಿಲ್ಲ, ಅಷ್ಟೇ.

‘ಉದ್ಯೋಗದಾತರಿಗೆ ಬೇಕಾದ ಡಿಜಿಟಲ್ ಕೌಶಲ’ ಎಂಬ ಮಾತನ್ನು ವಿಚಾರ ಸಂಕಿರಣಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ವೇದಿಕೆಯ ಮೇಲಿರುವವರು ಅದನ್ನು ಕೃತಕ ಬುದ್ಧಿಮತ್ತೆ, ಕ್ಲೌಡ್, ಡೇಟಾ ಸೈನ್ಸ್ ಎಂದು ವಿವರಿಸುತ್ತಾರೆ. ನನ್ನ ಮೇಜಿನ ಮೇಲೆ ಅದು ಹೇಗೆ ಕಾಣುತ್ತದೆ ಎಂಬುದನ್ನು ಆ ಇನ್ನೂರು ಸಾಲಿನ ಪಟ್ಟಿಯಿಂದಲೇ ಹೇಳುತ್ತೇನೆ.

ಮೊದಲು ತಾರೀಕು. ಅಂಗಡಿಯ ಕಂಪ್ಯೂಟರಿನಲ್ಲಿ ದಿನಾಂಕ ಅಮೆರಿಕದ ರೀತಿಯಲ್ಲಿದೆ, ತಿಂಗಳು ಮೊದಲು, ದಿನ ಆಮೇಲೆ. ನಮ್ಮವರು ಆಗಸ್ಟ್ ಐದನ್ನು 5-8-2025 ಎಂದು ಹೊಡೆದರೆ ಎಕ್ಸೆಲ್ ಅದನ್ನು ಸದ್ದಿಲ್ಲದೆ ಮೇ ಎಂಟು ಮಾಡಿಕೊಳ್ಳುತ್ತದೆ. ಹನ್ನೆರಡನೆಯ ತಾರೀಕಿನವರೆಗೂ ಹೀಗೆಯೇ. ಹನ್ನೆರಡು ದಾಟಿದರೆ ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ಅದು ತಾರೀಕೇ ಆಗದೆ ಬರೀ ಅಕ್ಷರವಾಗಿ ಸೆಲ್‌ನ ಎಡ ಅಂಚಿಗೆ ಅಂಟಿಕೊಂಡು ನಿಲ್ಲುತ್ತದೆ. ಒಂದೇ ಕಾಲಂನಲ್ಲಿ ಅರ್ಧ ಬಲಕ್ಕೆ, ಅರ್ಧ ಎಡಕ್ಕೆ. ಬಲ್ಲವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಎರಡನೆಯದು ಬಿಲ್ ನಂಬರು. ಮಾರಿದವನ ಬಿಲ್ಲಿನಲ್ಲಿ 0457 ಎಂದಿದೆ, ಟೈಪ್ ಮಾಡಿದೊಡನೆ ಎಕ್ಸೆಲ್ ಮುಂದಿನ ಸೊನ್ನೆಯನ್ನು ಕೆಡವಿ 457 ಮಾಡುತ್ತದೆ. ಮನುಷ್ಯನ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಮೂರನೆಯದು ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆ. ಇಂಗ್ಲಿಷಿನ ‘ಓ’ ಅಕ್ಷರಕ್ಕೂ ಸೊನ್ನೆಗೂ ಟೈಪ್ ಮಾಡುವವರು ಅದಲುಬದಲು ಮಾಡಿರುತ್ತಾರೆ. ಪರದೆಯಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ. ಆದರೆ ಆ ಸಂಖ್ಯೆಯ ಕಟ್ಟನ್ನು ತಿಳಿದವರಿಗೆ ಸುಲಭ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಪ್ಯಾನ್‌ನಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ಹಾಗಾಗಿ ಒಂಬತ್ತನೆಯ ಜಾಗದಲ್ಲಿರುವುದು ಸೊನ್ನೆಯೇ ಆಗಿರಬೇಕು, ‘ಓ’ ಆಗಲು ಸಾಧ್ಯವಿಲ್ಲ.

ಈ ಮೂರನೆಯ ತೊಡಕನ್ನು ಬಿಡಿಸಲು ಬರೀ ಎಕ್ಸೆಲ್ ಬಂದರೆ ಸಾಲದು, ಬರೀ ತೆರಿಗೆ ಕಾನೂನು ಬಂದರೂ ಸಾಲದು. ಎರಡೂ ಒಂದೇ ತಲೆಯಲ್ಲಿ ಇರಬೇಕು. ನಮ್ಮ ಪದವಿ ಶಿಕ್ಷಣ ಇವನ್ನು ಎರಡು ಪೀರಿಯಡ್‌ಗಳಿಗೆ, ಇಬ್ಬರು ಮೇಷ್ಟರಿಗೆ, ಎರಡು ಪ್ರಶ್ನೆಪತ್ರಿಕೆಗಳಿಗೆ ಹಂಚಿಬಿಟ್ಟಿದೆ. ನನಗೆ ತೋರುವಂತೆ ಎಲ್ಲ ಎಡವಟ್ಟಿನ ಬುಡ ಇಲ್ಲೇ ಇದೆ.

ಅಂಗಡಿಯವನಿಗೆ ಇದರಿಂದ ಏನು ಎಂದು ಕೇಳಬಹುದು. 2022ರ ಜನವರಿ 1ರಿಂದ ನಿಯಮ ಬಿಗಿಯಾಗಿದೆ: ಮಾರಿದವನು ಬಿಲ್ಲನ್ನು ಪೋರ್ಟಲ್‌ಗೆ ಏರಿಸಿ ಅದು 2ಬಿಯಲ್ಲಿ ಕಾಣಿಸಿದರೆ ಮಾತ್ರ ಕೊಂಡವನಿಗೆ ಆ ತೆರಿಗೆಯ ಜಮೆ. ಮಾಸಿಕ ರಿಟರ್ನ್ ಸಲ್ಲಿಸುವವರು ಮಾರಾಟದ ವಿವರವನ್ನು 11ನೇ ತಾರೀಕಿನೊಳಗೆ ಹಾಕಬೇಕು, 14ಕ್ಕೆ 2ಬಿ ಬರುತ್ತದೆ, 20ರೊಳಗೆ ತೆರಿಗೆ ಕಟ್ಟಬೇಕು. ಆ ಆರು ದಿನಗಳಲ್ಲಿ ನಮ್ಮ ಕಚೇರಿಯಲ್ಲಿ ಎಲ್ಲ ಗ್ರಾಹಕರ ಪಟ್ಟಿಗಳನ್ನೂ ತಾಳೆ ನೋಡಬೇಕು. ಗಂಟೆಗೆ ನಲವತ್ತು ಸಾಲಿನ ಲೆಕ್ಕದಲ್ಲಿ ಹೋದರೆ ದಸರೆಯ ಪಟ್ಟಿ ಸಂಕ್ರಾಂತಿಗೆ ಮುಗಿದೀತು.

ಈ ಭಾಗದ ತಂದೆತಾಯಿಗಳ ಮನಸ್ಸಿನಲ್ಲಿ ಕಂಪ್ಯೂಟರ್ ಕೆಲಸ ಎಂದರೆ ಒಂದೇ ಚಿತ್ರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ಫೊಸಿಸ್ ಗೇಟು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮಗ. ಮುನ್ನೂರಕ್ಕೂ ಹೆಚ್ಚು ಎಕರೆಯ ಆ ಆವರಣವನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಬೇಕು. ಅದರ ದೊಡ್ಡದೊಂದು ಭಾಗ ತರಬೇತಿ ಕೇಂದ್ರ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಬಂದವರನ್ನು ಮತ್ತೆ ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿಟ್ಟು, ಪಾಠ ಹೇಳಿ, ಪರೀಕ್ಷೆ ಮಾಡುತ್ತಾರೆ. ಪದವಿಯನ್ನು ಕಂಪನಿ ಒಳಬರುವ ಚೀಟಿಯೆಂದು ಒಪ್ಪುತ್ತದೆಯೇ ಹೊರತು ಕೆಲಸ ಬಲ್ಲವರೆಂಬ ಪ್ರಮಾಣವೆಂದು ಒಪ್ಪಿಲ್ಲ. 2025ರ ಫೆಬ್ರುವರಿಯಲ್ಲಿ, ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂದು ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಒಮ್ಮೆಗೇ ಕಳುಹಿಸಿದಾಗ ಕಾರ್ಮಿಕ ಇಲಾಖೆಯವರೆಗೂ ಸುದ್ದಿ ಹೋಯಿತು. ಅವರನ್ನು ಹಾಗೆ ಕಳುಹಿಸಿದ್ದು ಸರಿಯೇ ಎಂಬ ವಾದ ಬಹಳ ನಡೆಯಿತು. ಪದವಿ ಕೊಟ್ಟ ಕಾಲೇಜುಗಳನ್ನು ಯಾರೂ ಏನೂ ಕೇಳಲಿಲ್ಲ.

ಅಷ್ಟು ದೊಡ್ಡ ಕಂಪನಿಗೆ ಕಲಿಸಿಕೊಳ್ಳುವ ಶಕ್ತಿ ಇದೆ. ತೂಬಿನಕೆರೆಯ ಸಣ್ಣ ಕಾರ್ಖಾನೆಗೆ, ನರ್ಸಿಂಗ್ ಹೋಮಿನ ಬಿಲ್ಲಿಂಗ್ ಕೌಂಟರಿಗೆ, ಗೊಬ್ಬರದ ಅಂಗಡಿಗೆ, ಹಾಲು ಉತ್ಪಾದಕರ ಸಂಘಕ್ಕೆ ಇಲ್ಲ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದಿದವರಲ್ಲಿ ಹೆಚ್ಚಿನವರು ಬದುಕು ಕಟ್ಟಿಕೊಳ್ಳುವುದು ಇಂತಹ ಕಡೆಗಳಲ್ಲೇ. ಅಲ್ಲಿ ಯಾರೂ ಪ್ರೋಗ್ರಾಂ ಬರೆಯಲು ಹೇಳುವುದಿಲ್ಲ. ಒಂದು ಪಟ್ಟಿಯನ್ನು ಚೊಕ್ಕ ಮಾಡಲು ಬರಬೇಕು, ಎರಡು ಪಟ್ಟಿಯನ್ನು ತಾಳೆ ನೋಡಲು ಬರಬೇಕು, ನಾಲ್ಕು ಸಾಲಿನ ಪತ್ರ ಬರೆದು ಸರಿಯಾದ ಫೈಲನ್ನು ಲಗತ್ತಿಸಿ ಕಳಿಸಲು ಬರಬೇಕು, ಆರು ತಿಂಗಳ ಮೇಲೆ ಕೇಳಿದರೆ ಅದೇ ಫೈಲನ್ನು ತೆಗೆದುಕೊಡಬೇಕು. ವಿಶ್ವ ಆರ್ಥಿಕ ವೇದಿಕೆಯ 2025ರ ಉದ್ಯೋಗ ವರದಿಯಲ್ಲೂ ಉದ್ಯೋಗದಾತರು ಎಲ್ಲಕ್ಕಿಂತ ಮುಖ್ಯವೆಂದು ಹೇಳಿದ್ದು ವಿಶ್ಲೇಷಣಾತ್ಮಕ ಚಿಂತನೆಯನ್ನು. ಹತ್ತರಲ್ಲಿ ಏಳು ಕಂಪನಿಗಳು ಅದು ಇರಲೇಬೇಕು ಎಂದಿವೆ. ಆ ದೊಡ್ಡ ಮಾತನ್ನು ಮಂಡ್ಯಕ್ಕೆ ಇಳಿಸಿದರೆ ‘ಈ ಕಾಲಂನ ಅರ್ಧ ಯಾಕೆ ಎಡಕ್ಕಿದೆ?’ ಎಂದು ಕೇಳಿಕೊಳ್ಳುವುದು ಎಂದಾಗುತ್ತದೆ.

ಈಗಿನ ಹುಡುಗರು ಹುಟ್ಟುತ್ತಲೇ ಮೊಬೈಲ್ ಹಿಡಿದವರು, ಅವರಿಗೆ ಕಲಿಸುವುದೇನಿದೆ ಎನ್ನುವವರಿದ್ದಾರೆ. ಮೊಬೈಲೇ ತೊಡಕು ಎಂದು ನನಗೆ ಈಚೆಗೆ ಅನ್ನಿಸುತ್ತಿದೆ. ಫೋನಿನಲ್ಲಿ ಫೈಲು ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ. ಫೋಟೊ ಗ್ಯಾಲರಿಯಲ್ಲಿ, ಹಾಡು ಹಾಡಿನ ಆ್ಯಪ್‌ನಲ್ಲಿ, ಬಂದ ಕಾಗದ ವಾಟ್ಸ್ಆ್ಯಪ್‌ನಲ್ಲಿ ತಾನಾಗಿ ಹೋಗಿ ಕೂರುತ್ತದೆ. ಎಲ್ಲಿ ಇಡಬೇಕು, ಏನು ಹೆಸರು ಕೊಡಬೇಕು ಎಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಹಾಗೆ ಬೆಳೆದವರಿಗೆ ಫೋಲ್ಡರಿನೊಳಗೆ ಫೋಲ್ಡರ್ ಎಂಬುದು ಅಪರಿಚಿತ ಮನೆಯ ಕತ್ತಲ ಕೋಣೆ. ಹತ್ತು ವರ್ಷದ ಹಿಂದೆ ಬಂದವರಿಗೆ ಎಕ್ಸೆಲ್ ಬರುತ್ತಿರಲಿಲ್ಲ, ಫೈಲು ಎಲ್ಲಿದೆ ಎಂದಾದರೂ ಗೊತ್ತಿರುತ್ತಿತ್ತು.

ಕಾಲೇಜು ಶುಲ್ಕ ಕಟ್ಟುವುದು, ಪರೀಕ್ಷೆಗೆ ಅರ್ಜಿ ಹಾಕುವುದು, ಫಲಿತಾಂಶ ನೋಡುವುದು ಎಲ್ಲವೂ ಈಗ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಜಾಲತಾಣದ ಮೂಲಕ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಜಾಲತಾಣ ಎಸ್‌ಎಸ್‌ಪಿ. ಪದವಿ ಮುಗಿಯುವವರೆಗೆ ವಿದ್ಯಾರ್ಥಿಯೊಬ್ಬ ಇವುಗಳಲ್ಲಿ ಹತ್ತಾರು ಸಲ ಕೆಲಸ ಮಾಡಬೇಕು. ತಾನೇ ಮಾಡಿದ್ದರೆ ಅದೇ ಒಂದು ತರಬೇತಿಯಾಗುತ್ತಿತ್ತು: ದಾಖಲೆ ಸ್ಕ್ಯಾನ್ ಮಾಡುವುದು, ಹೇಳಿದ ಗಾತ್ರಕ್ಕೆ ಇಳಿಸುವುದು, ಅರ್ಜಿಯ ಸಂಖ್ಯೆ ಬರೆದಿಟ್ಟುಕೊಳ್ಳುವುದು. ಆದರೆ ಕಾಲೇಜಿನ ಎದುರಿನ ಸೈಬರ್ ಸೆಂಟರಿನಲ್ಲಿ ಐವತ್ತು ರೂಪಾಯಿ ಕೊಟ್ಟರೆ ಮುಗಿಯಿತು. ಅಲ್ಲಿ ಕೂತು ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಜೆರಾಕ್ಸ್ ಯಂತ್ರದ ಮೇಲೆ ಇಟ್ಟು ಗಂಟೆಗೆ ಹತ್ತು ಅರ್ಜಿ ತುಂಬುವ ಹುಡುಗ ಎಷ್ಟೋ ಕಡೆ ಪಿಯುಸಿ ದಾಟಿದವನಲ್ಲ. ನಮ್ಮ ಊರಿನಲ್ಲಿ ಡಿಜಿಟಲ್ ಕೌಶಲ ನಿಜವಾಗಿ ಯಾರ ಬಳಿ ಇದೆ ಎಂದರೆ ಅವನ ಬಳಿ. ಪದವೀಧರ ಅವನೆದುರು ಪಾಳಿ ನಿಂತಿರುತ್ತಾನೆ.

ವಿಶ್ವವಿದ್ಯಾಲಯಗಳು ಸುಮ್ಮನೆ ಕೂತಿದ್ದವು ಎಂದು ಹೇಳಿದರೆ ತಪ್ಪಾಗುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ 2021-22ರಿಂದ ಪದವಿಯ ಸ್ವರೂಪ ಬದಲಾದಾಗ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪತ್ರಿಕೆ ಬಂತು. ಕಲೆ, ವಾಣಿಜ್ಯ, ವಿಜ್ಞಾನ ಎನ್ನದೆ ಎಲ್ಲರಿಗೂ. ಉದ್ದೇಶ ಒಳ್ಳೆಯದೇ. ಆದರೆ ಪಠ್ಯ ತೆರೆದರೆ ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ವಸ್ತುಗಳ ಅಂತರ್ಜಾಲ, ಸೈಬರ್ ಭದ್ರತೆ. ಮೂರು ಚಕ್ರದ ಸೈಕಲ್ ಹತ್ತದವರಿಗೆ ವಿಮಾನದ ಎಂಜಿನ್ ವಿವರಿಸಿದ ಹಾಗೆ. ಕ್ಲೌಡ್ ಸೇವೆಯ ಮೂರು ಬಗೆಗಳನ್ನು ಬರೆದು ಪಾಸಾದ ಹುಡುಗಿಯೊಬ್ಬಳಿಗೆ ನಾನು ಗೂಗಲ್ ಡ್ರೈವ್‌ನಲ್ಲಿ ಹಂಚಿದ ಫೈಲನ್ನು ತೆರೆಯಲು ಆಗಲಿಲ್ಲ. ತಾನು ಓದಿದ ಕ್ಲೌಡ್ ಇದೇ ಎಂದು ಅವಳಿಗೆ ಹೊಳೆದಿರಲೇ ಇಲ್ಲ. 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ರಾಜ್ಯ ಶಿಕ್ಷಣ ನೀತಿಯ ಆಯೋಗ ಕೂತು ವರದಿ ಕೊಟ್ಟಿತು. ನಾಲ್ಕೈದು ವರ್ಷದಲ್ಲಿ ಪಠ್ಯ ಎರಡು ಸಲ ಬದಲಾಯಿತು. ಬದಲಾಗದೆ ಉಳಿದದ್ದು ಪೇಟೆಯಲ್ಲಿ ಸಿಗುವ ಗೈಡು ಮತ್ತು ಸೆಮಿಸ್ಟರ್ ಕೊನೆಯ ಮೂರು ಗಂಟೆಯ ಪೆನ್ನಿನ ಪರೀಕ್ಷೆ.

ಕೆಲವು ವರ್ಷದ ಹಿಂದೆ ಕಾಲೇಜೊಂದರಲ್ಲಿ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಬಗ್ಗೆ ಎರಡು ಗಂಟೆ ಹೇಳಿ ಬನ್ನಿ ಎಂದು ಕರೆದಿದ್ದರು. ಹೆಸರು ಬೇಡ, ಅಂತಹ ಕಾಲೇಜುಗಳು ಬಹಳ. ಲ್ಯಾಬಿನ ಬೀಗ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಒಳಗೆ ಮೂವತ್ತು ಕಂಪ್ಯೂಟರ್, ಎಲ್ಲಕ್ಕೂ ಮಗ್ಗುಲು ಹರಿಯದಂತೆ ಹೊಲಿಸಿದ ಬಟ್ಟೆಯ ಗವಸು. ಯಂತ್ರಗಳು ಹೊಸದರಂತೆ ಹೊಳೆಯುತ್ತಿದ್ದವು. ‘ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ ಸಾರ್, ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ’ ಎಂದರು ಜವಾಬ್ದಾರಿ ಹೊತ್ತಿದ್ದ ಮೇಷ್ಟರು. ಅವರನ್ನು ಬೈಯುವುದು ಸುಲಭ. ಮೌಸ್ ಒಂದು ಕಳೆದುಹೋದರೆ ವಿವರಣೆ ಬರೆದುಕೊಡಬೇಕಾದವರು ಅವರು. ಯಂತ್ರ ಸವೆದರೆ ಲೆಕ್ಕ ಕೇಳುತ್ತಾರೆ, ಸವೆಯದಿದ್ದರೆ ಯಾರೂ ಕೇಳುವುದಿಲ್ಲ. ರಾಜ್ಯದ ನಾನ್ನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ಲ್ಯಾಬಿನ ಬೀಗದ ಕೈ ಕೇಳಲು ಹೋಗುವುದಿಲ್ಲ.

ಕನ್ನಡ ಎಂ.ಎ. ಮಾಡಿದವರ ಪಾಡು ಇನ್ನೂ ಬೇರೆ. ಡಿಜಿಟಲ್ ಎಂದೊಡನೆ ಅದು ತಮಗೆ ಸಂಬಂಧಿಸಿದ್ದಲ್ಲ ಎಂದು ಅವರನ್ನು ಎಲ್ಲರೂ ನಂಬಿಸಿದ್ದಾರೆ. ಎಷ್ಟೋ ಕಡೆ ಈಗಲೂ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟ್‌ನಲ್ಲೇ ಟೈಪ್ ಮಾಡುತ್ತಾರೆ. ಅದರಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬಾಲ ಕೊಂಬು ಹುಟ್ಟಿದ ರೋಮನ್ ಅಕ್ಷರಗಳ ಗೊಂಚಲು ಕಾಣಿಸುತ್ತದೆ. ಅದನ್ನು ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು. ಈ ತೊಡಕಿಲ್ಲದ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿದೆ. ನುಡಿಯಲ್ಲೂ ಯುನಿಕೋಡ್ ಬಂದಿದೆ, ಕೆ.ಪಿ. ರಾವ್ ವಿನ್ಯಾಸದ ಅದೇ ಕೀಲಿಮಣೆ ಎರಡಕ್ಕೂ ನಡೆಯುತ್ತದೆ. ಹಳೆಯ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒಡೆದುಹೋದ ಒತ್ತಕ್ಷರಗಳನ್ನು ತಿದ್ದಿ ಕೊಡುವುದು ಮುದ್ರಣಾಲಯದಿಂದ ಪಂಚಾಯಿತಿಯವರೆಗೆ ಎಲ್ಲರಿಗೂ ಬೇಕಾದ ಕೆಲಸ. ಅರ್ಕಾವೊತ್ತು ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯಲು ಕನ್ನಡ ಓದಿದವರೇ ಬೇಕು. ಆದರೂ ಹಳಗನ್ನಡ ವ್ಯಾಕರಣದಲ್ಲಿ ಮೊದಲ ದರ್ಜೆ ಬಂದವರು ತಮ್ಮ ಪ್ರಬಂಧವನ್ನು ಡಿಟಿಪಿ ಅಂಗಡಿಯಲ್ಲಿ ಪುಟಕ್ಕಿಷ್ಟು ಎಂದು ಕೊಟ್ಟು ಟೈಪ್ ಮಾಡಿಸುತ್ತಾರೆ.

ಪ್ರಮಾಣಪತ್ರಗಳಿಗೆ ಕೊರತೆಯಿಲ್ಲ. 2017ರಿಂದ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ಸ್ವಯಂ ಇದೆ, ಇನ್ಫೊಸಿಸ್‌ನ ಸ್ಪ್ರಿಂಗ್‌ಬೋರ್ಡ್ ಇದೆ, ಎಲ್ಲವೂ ಉಚಿತವಾಗಿ ಕಲಿಯಬಹುದಾದವು. ನನ್ನ ಬಳಿ ಬರುವವರು ಎಂಟು ಹತ್ತು ಪ್ರಮಾಣಪತ್ರ ತರುತ್ತಾರೆ. ವಿಡಿಯೊವನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿ ಕೊನೆಯ ಐದು ಪ್ರಶ್ನೆಗೆ ಗುರುತು ಹಾಕಿದರೆ ಸಿಗುವಂಥವೂ ಅದರಲ್ಲಿವೆ. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಬಸ್ಸಿಗೆ, ಊಟಕ್ಕೆ ಅದು ಆಸರೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಕೆಲಸ ಕಲಿಸುವವರು ಬೇರೆಯೇ ಬೇಕು. ಪರೀಕ್ಷೆ ಮಾಡಿದರೆ ಕೌಶಲ ಬಂದುಬಿಡುತ್ತದೆ ಎಂದು ನಂಬುವವರು ಸರ್ಕಾರಿ ನೌಕರರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ನೋಡಬೇಕು. 2012ರಲ್ಲಿ ನಿಯಮ ಬಂತು, ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು, ಪಾಸಾದವರೂ ಬಹಳ. ಆದರೂ ಎಷ್ಟೋ ಕಚೇರಿಗಳಲ್ಲಿ ಸಾಹೇಬರ ಪತ್ರವನ್ನು ಡಾಟಾ ಎಂಟ್ರಿ ಆಪರೇಟರ್ ಬಂದ ಮೇಲೆಯೇ ಟೈಪ್ ಮಾಡಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಹುಳುಕನ್ನೂ ಹೇಳಬೇಕು. ನಾನು ಮೊದಲ ಆರು ತಿಂಗಳು ಕೊಡುವುದು ಹನ್ನೆರಡು ಸಾವಿರ. ಅದಕ್ಕೆ ಟ್ಯಾಲಿ ಬರಬೇಕು, ಎಕ್ಸೆಲ್ ಬರಬೇಕು, ಜಿಎಸ್‌ಟಿ ಬರಬೇಕು ಎಂದು ಜಾಹೀರಾತು ಕೊಡುತ್ತೇನೆ. ಕಲಿತ ಕೂಡಲೇ ಅವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದರೆ ಕೃತಘ್ನರು ಎಂದು ಗೊಣಗುತ್ತೇನೆ. ಊರಿನ ಉಳಿದ ಮಾಲೀಕರೂ ಹೀಗೆಯೇ. ಎಲ್ಲರಿಗೂ ಬೇಯಿಸಿದ ಅನ್ನ ಬೇಕು, ಒಲೆ ಹಚ್ಚಲು ಯಾರೂ ತಯಾರಿಲ್ಲ. ಓದುತ್ತಲೇ ಕೆಲಸ ಕಲಿಯುವ, ಅಪ್ರೆಂಟಿಸ್‌ಶಿಪ್ ಸೇರಿದ ಪದವಿಗಳು ಈಗ ಬರುತ್ತಿವೆ. ಅವು ಬೆಂಗಳೂರಿನ ದೊಡ್ಡ ಕಂಪನಿಗಳ ಬಾಗಿಲಲ್ಲೇ ನಿಲ್ಲದೆ ಮಂಡ್ಯದ ಸಣ್ಣ ಕಚೇರಿಗಳವರೆಗೆ ಬರಬೇಕಾದರೆ ನಮ್ಮಂಥವರು ದಿನಕ್ಕೊಂದು ಗಂಟೆ ಪಕ್ಕದಲ್ಲಿ ಕೂತು ತಪ್ಪು ತೋರಿಸಲು ಒಪ್ಪಬೇಕಾಗುತ್ತದೆ. 20ನೇ ತಾರೀಕಿನ ಹಿಂದುಮುಂದಿನ ದಿನಗಳಲ್ಲಿ ನನ್ನ ಬಾಯಲ್ಲಿ ಬರುವ ಮಾತು ಕೇಳಿದರೆ ಯಾವ ಪ್ರಿನ್ಸಿಪಾಲರೂ ಮಕ್ಕಳನ್ನು ಕಳಿಸಲಿಕ್ಕಿಲ್ಲ, ಅದು ಬೇರೆ ವಿಷಯ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಯಾಕೆ ಎಂದು ಮಗಳು ಕೇಳುತ್ತಾಳೆ. ಟ್ಯಾಲಿಯೇ ಈಗ 2ಬಿಯನ್ನು ಎಳೆದುಕೊಂಡು ತಾಳೆ ನೋಡುತ್ತದೆ ಎಂಬುದೂ ನಿಜ. ಈಚೆಗೆ ಒಬ್ಬ ಅಭ್ಯರ್ಥಿ ನನ್ನ ಎರಡೂ ಹಾಳೆಗಳನ್ನು ಮೊಬೈಲಿನ ಚಾಟ್‌ಬಾಟ್‌ಗೆ ಅಂಟಿಸಿ ಎರಡೇ ನಿಮಿಷದಲ್ಲಿ ಅಚ್ಚುಕಟ್ಟಾದ ಪಟ್ಟಿ ತಂದ. ಅದರಲ್ಲಿ ಹನ್ನೊಂದು ಬಿಲ್ಲು ಇತ್ತು. ಒಂಬತ್ತು ಸರಿ. ಒಂದು, ಸೊನ್ನೆ ಬಿದ್ದುಹೋದ ಬಿಲ್ಲು, ಅದು 2ಬಿಯಲ್ಲಿ ಇತ್ತು. ಹನ್ನೊಂದನೆಯದು ಎರಡೂ ಹಾಳೆಗಳಲ್ಲಿ ಇರಲೇ ಇಲ್ಲ. ‘ಇದು ಎಲ್ಲಿಂದ ಬಂತಪ್ಪ?’ ಎಂದೆ. ಉತ್ತರಕ್ಕಾಗಿ ಮತ್ತೆ ಮೊಬೈಲ್ ನೋಡಿದ. ಗ್ರಾಹಕರ ಲೆಕ್ಕವನ್ನು ಹೊರಗಿನವರಿಗೆ ತೋರಿಸಬಾರದು ಎಂಬ ಎಚ್ಚರವೂ ಅವನಿಗೆ ಇರಲಿಲ್ಲ. ಹಾಳೆಯಲ್ಲಿದ್ದ ಹೆಸರುಗಳನ್ನು ನಾನೇ ಬದಲಿಸಿದ್ದರಿಂದ ಅನಾಹುತವಾಗಲಿಲ್ಲ. ಯಂತ್ರ ಒಂಬತ್ತನ್ನು ಸರಿ ಮಾಡುವ ಕಾಲದಲ್ಲಿ ಸಂಬಳ ಸಿಗುವುದು ಉಳಿದ ಎರಡನ್ನು ಹಿಡಿಯುವವರಿಗೆ. ಆ ಕಣ್ಣು ಮಾತ್ರ ಇನ್ನೂರು ಸಾಲನ್ನು ತಾನೇ ಒಮ್ಮೆ ಸಂಭಾಳಿಸದವರಿಗೆ ಬರುವುದಿಲ್ಲ.

ಹಾಗಾದರೆ ಕಾಲೇಜು ಏನು ಮಾಡಬೇಕು? ಹೊಸ ಪತ್ರಿಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಇರುವ ಪತ್ರಿಕೆಗಳ ಪರೀಕ್ಷೆಯನ್ನೇ ಬದಲಿಸಬೇಕು. ಮಂಡ್ಯದ ಅರ್ಥಶಾಸ್ತ್ರದ ತರಗತಿಗೆ ಕನ್ನಂಬಾಡಿ ಕಟ್ಟೆಗಿಂತ ಒಳ್ಳೆಯ ಪಾಠ ಯಾವುದಿದೆ? ಕಟ್ಟೆ ತುಂಬುವ ಮಟ್ಟ 124.80 ಅಡಿ ಎಂದರೆ ಇಲ್ಲಿನ ಮಗುವಿಗೂ ಗೊತ್ತು. ಪತ್ರಿಕೆಯಲ್ಲಿ ದಿನವೂ ನೀರಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಿದ್ಯಾರ್ಥಿ ಅದನ್ನು ದಿನಕ್ಕೊಂದು ಸಾಲು ತುಂಬಲಿ. ಯಾವ ವಾರ ಒಳಹರಿವು ಹೊರಹರಿವನ್ನು ಮೀರಿತು, ನಾಲೆಗೆ ನೀರು ಬಿಟ್ಟಾಗ ಮಟ್ಟ ಎಷ್ಟಿತ್ತು, ಪತ್ರಿಕೆ ಬಾರದ ದಿನದ ಸಾಲನ್ನು ಅವನು ಏನು ಮಾಡಿದ? ಈ ಕೊನೆಯ ಪ್ರಶ್ನೆಗೇ ನಾನಾದರೆ ಹೆಚ್ಚು ಅಂಕ ಇಡುತ್ತೇನೆ. ಖಾಲಿ ಬಿಟ್ಟೆ ಎಂದರೆ ಒಂದು ಉತ್ತರ, ಸೊನ್ನೆ ಹಾಕಿದೆ ಎಂದರೆ ಕಟ್ಟೆಯನ್ನೇ ಒಣಗಿಸಿದ ಹಾಗೆ. ಕನ್ನಡದವರು ತಮ್ಮೂರಿನ ಗಾದೆ, ಒಗಟು, ಸೋಬಾನೆ ಪದಗಳನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಯಾರಿಂದ ಯಾವಾಗ ಕೇಳಿದ್ದು ಎಂಬ ಕಾಲಂ ಸೇರಿಸಿ ಕೊಡಲಿ. ಬಿ.ಕಾಂ.ನವರಿಗೆ ನನ್ನ ಫೈಲು ಇದ್ದೇ ಇದೆ, ಹೆಸರು ಬದಲಿಸಿ ಉಚಿತವಾಗಿ ಕೊಡುತ್ತೇನೆ.

ಇದಕ್ಕೆ ಇಂಟರ್‌ನೆಟ್ ಕೂಡ ಹೆಚ್ಚು ಬೇಡ, ಹಳೆಯ ಕಂಪ್ಯೂಟರ್ ಸಾಕು. ಬೇಕಾದದ್ದು ತಿದ್ದುವವರು. ಅರವತ್ತು ಮಕ್ಕಳ ಫೈಲು ತೆರೆದು, ತಪ್ಪಿಗೆ ಗುರುತು ಹಾಕಿ ಹಿಂದಕ್ಕೆ ಕಳಿಸಿ, ಎರಡನೆಯ ಸಲ ಬಂದದ್ದನ್ನು ಮತ್ತೆ ನೋಡಲು ವಾರಕ್ಕೆ ಎಂಟು ಹತ್ತು ಗಂಟೆ ಹಿಡಿಯುತ್ತದೆ. ಆ ಗಂಟೆಗಳನ್ನು ಉಪನ್ಯಾಸಕರ ಕಾರ್ಯಭಾರದಲ್ಲಿ ಯಾರೂ ಎಣಿಸುವುದಿಲ್ಲ, ಅತಿಥಿ ಉಪನ್ಯಾಸಕರಿಗಂತೂ ಅದಕ್ಕೆ ಕವಡೆ ಕಾಸೂ ಇಲ್ಲ. ಹೊಸ ಲ್ಯಾಬಿನ ಉದ್ಘಾಟನೆಗೆ ಸಚಿವರು ಬರುತ್ತಾರೆ, ತಿದ್ದುವ ಗಂಟೆಗೆ ಟೇಪು ಕತ್ತರಿಸಲು ಬರುವುದಿಲ್ಲ. ನೀತಿಯ ವರದಿ ಎಷ್ಟೇ ದಪ್ಪವಾಗಿರಲಿ, ಈ ಒಂದು ಲೆಕ್ಕಕ್ಕೆ ದುಡ್ಡು ಇಟ್ಟಿದ್ದಾರೆಯೇ ಎಂದು ಹುಡುಕುತ್ತೇನೆ.

ಈಗ ನನ್ನ ಕಚೇರಿಯಲ್ಲಿರುವ ಹುಡುಗಿ ಕೆರಗೋಡು ಕಡೆಯವಳು. ಅಂಕ ಶೇ 61. ಪರೀಕ್ಷೆಯ ದಿನ ಕೂತ ತಕ್ಷಣ ತಾರೀಕಿನ ಕಾಲಂ ನೋಡಿ ‘ಇದು ಸರಿಯಿಲ್ಲವಲ್ಲ ಸಾರ್, ಅರ್ಧ ಎಡಕ್ಕಿದೆ’ ಎಂದಳು. ಕಾಲೇಜಿನಲ್ಲಿ ಹೇಳಿಕೊಟ್ಟರೇನಮ್ಮ ಎಂದೆ. ಇಲ್ಲವಂತೆ. ಅಪ್ಪ ಊರಿನ ಹಾಲಿನ ಸಂಘದ ಕಾರ್ಯದರ್ಶಿ. ಪಿಯುಸಿಯಿಂದಲೇ ಬೆಳಿಗ್ಗೆ ಸಂಜೆ ಅಲ್ಲಿ ಕೂತು ಯಾರ ಹಾಲು ಎಷ್ಟು ಲೀಟರ್, ಕೊಬ್ಬಿನಂಶ ಎಷ್ಟು ಎಂದು ಕಂಪ್ಯೂಟರಿಗೆ ಹಾಕುತ್ತಿದ್ದಳು. ತಾರೀಕು ತಪ್ಪಿದರೆ ಬಟವಾಡೆಯ ದಿನ ಊರೇ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು.

ಹೋದ ತಿಂಗಳು ಹಾರ್ಡ್‌ವೇರ್ ಅಂಗಡಿಯೊಂದರ ಸಿಮೆಂಟ್ ಬಿಲ್ಲು 2ಬಿಯಲ್ಲಿ ಬಂದಿರಲಿಲ್ಲ. ತೆರಿಗೆಯೇ ಹದಿನೆಂಟು ಸಾವಿರ ಚಿಲ್ಲರೆ. ಅವಳು ಸುಮ್ಮನೆ ‘ಬಂದಿಲ್ಲ’ ಎಂದು ಬರೆದು ಬಿಡಲಿಲ್ಲ. ಆ ಅಂಗಡಿಯವರ ಅಣ್ಣನದೂ ಒಂದು ಅಂಗಡಿ ಇದೆ, ಭಾಗವಾದ ಮೇಲೆ ಬೇರೆ ಜಿಎಸ್‌ಟಿ ಸಂಖ್ಯೆ, ಅದರ ಲೆಕ್ಕವೂ ನಮ್ಮಲ್ಲೇ. ಅಣ್ಣನ 2ಬಿ ತೆರೆದು ಬಿಲ್ ನಂಬರು ಹುಡುಕಿದಳು, ಅಲ್ಲಿ ಕೂತಿತ್ತು. ಅಂಗಡಿಯವರಿಗೆ ಫೋನ್ ಮಾಡಿದಳು. ‘ಮಾಲು ನನ್ನ ಗೋಡೌನಿಗೇ ಇಳಿದಿದೆಯಲ್ಲಮ್ಮ, ಇನ್ನೇನು?’ ಎಂದರಂತೆ ಅವರು.

‘ಮಾಲು ನಿಮಗೆ ಬಂದಿದೆ ಅಣ್ಣ, ಹದಿನೆಂಟು ಸಾವಿರ ನಿಮ್ಮ ಅಣ್ಣನಿಗೆ ಹೋಗಿದೆ’ ಎಂದಳು.

ಆಮೇಲೆ ಸಿಮೆಂಟ್ ಡೀಲರ್‌ನ ಲೆಕ್ಕಿಗರಿಗೆ, ಮಾರಾಟದ ವಿವರ ತೋರಿಸುವ ಮುಂದಿನ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿ ಮಾಡಿ ಎಂದು ನಾಲ್ಕು ಸಾಲಿನ ಇಮೇಲ್ ಬರೆದು ನನಗೂ ಒಂದು ಪ್ರತಿ ಕಳಿಸಿದಳು. ಲಗತ್ತಿಸಿದ ಫೈಲಿನ ಹೆಸರಿನಲ್ಲಿ ಅಂಗಡಿ, ತಿಂಗಳು, ಬಿಲ್ ನಂಬರು ಇತ್ತು. ನಂಬರಿನ ಮುಂದಿನ ಸೊನ್ನೆಯೂ ಇತ್ತು.